ನಾಲ್ಕು ಚಕ್ರ, ಒಬ್ಬನೇ ಸವಾರ: ಕ್ವಾಡ್ ಬೈಕು ಕೊಳ್ಳುವ ಮುನ್ನ

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಹೆತ್ತವರ ಮುಂದೆ ಬೇಡಿಕೆಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಮೊದಲು ಗೇರಿನ ಸೈಕಲ್ಲು, ಮತ್ತೆ ಮೊಬೈಲು, ಮತ್ತೆ ಬೈಕು. ಇತ್ತೀಚೆಗೆ ಆ ಪಟ್ಟಿಗೆ ಇನ್ನೊಂದು ಸೇರಿದೆ. ಯಾವುದೋ ರೆಸಾರ್ಟಿನಲ್ಲೋ ಕಡಲ ತಡಿಯಲ್ಲೋ ದುಡ್ಡು ಕೊಟ್ಟು ಹತ್ತು ನಿಮಿಷ ಓಡಿಸಿ ಬಂದ ಹುಡುಗ ಮನೆಗೆ ಬಂದವನೇ "ಅಪ್ಪಾ, ನಮಗೂ ಒಂದು ಎಟಿವಿ ತರುವ. ಗುಡ್ಡೆಯಲ್ಲಿ ಓಡಿಸಲಿಕ್ಕೆ ಆಗ್ತದೆ" ಎಂದು ಶುರುಮಾಡುತ್ತಾನೆ. ನಾಲ್ಕು ಚಕ್ರ ಇರುವುದರಿಂದ ಬೀಳುವ ಭಯವಿಲ್ಲ, ಬೈಕಿಗಿಂತ ಸುರಕ್ಷಿತ ಎಂಬ ಮಾತನ್ನೂ ಸೇರಿಸುತ್ತಾನೆ. ಅಪ್ಪನಿಗೆ ಅದು ಸರಿಯೆಂದೇ ತೋರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಲ್ಲಿ ಜಾಗಕ್ಕೇನು ಬರ? ಮನೆಯ ಹಿಂದೆ ಗುಡ್ಡೆಯಿದೆ, ಮುಂದೆ ಬೈಲಿದೆ.

ಈ 'ಬೀಳುವ ಭಯವಿಲ್ಲ' ಎಂಬ ಮಾತನ್ನೇ ಮೊದಲು ಪರೀಕ್ಷಿಸಬೇಕು. ಯಾವ ಮಾಡೆಲ್, ಎಷ್ಟು ಸಿ.ಸಿ. ಎಂಬುದೆಲ್ಲ ಆಮೇಲಿನ ಮಾತು.

ಮೂರು ಚಕ್ರದಿಂದ ನಾಲ್ಕಕ್ಕೆ

ಈ ಜಾತಿಯ ವಾಹನ ಜನಪ್ರಿಯವಾದದ್ದು ಮೂರು ಚಕ್ರದ ರೂಪದಲ್ಲಿ. 1970ರಲ್ಲಿ ಹೋಂಡಾ ಕಂಪೆನಿ ಅಮೆರಿಕದಲ್ಲಿ ಬಲೂನಿನಂತೆ ಉಬ್ಬಿದ ಟಯರುಗಳಿದ್ದ ಮೂರು ಚಕ್ರದ 90 ಸಿ.ಸಿ. ಗಾಡಿಯೊಂದನ್ನು ಮಾರಾಟಕ್ಕೆ ಬಿಟ್ಟಿತು. ಮರುವರ್ಷವೇ ಜೇಮ್ಸ್ ಬಾಂಡ್ ಚಿತ್ರದಲ್ಲಿ ಅದು ಕಾಣಿಸಿಕೊಂಡಿತು. ಇನ್ನೇನು ಬೇಕು? ಮರಳು, ಹಿಮ, ಕೆಸರು ಎಲ್ಲದರ ಮೇಲೂ ಓಡುವ ಆಟಿಕೆ ಎಂದು ಜನ ಮುಗಿಬಿದ್ದರು. ಆದರೆ ಮುಂದೆ ಒಂದೇ ಚಕ್ರವಿರುವ ಗಾಡಿ ತಿರುವಿನಲ್ಲಿ ಮಗುಚುವುದು ಎಷ್ಟು ಸುಲಭ ಎಂಬುದು ನಮ್ಮ ರಿಕ್ಷಾ ಚಾಲಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪಘಾತಗಳು ಹೆಚ್ಚಿದವು, ಮಕ್ಕಳು ಸತ್ತರು. 1988ರಲ್ಲಿ ಅಮೆರಿಕದ ಸರಕಾರ ಮತ್ತು ತಯಾರಕರ ನಡುವೆ ನ್ಯಾಯಾಲಯದ ಮೂಲಕ ಒಪ್ಪಂದವಾಗಿ ಅಲ್ಲಿ ಹೊಸ ಮೂರು ಚಕ್ರದ ಗಾಡಿಗಳ ಮಾರಾಟವೇ ನಿಂತಿತು.

ಅಷ್ಟರಲ್ಲಿ ನಾಲ್ಕು ಚಕ್ರದ್ದು ಬಂದಿತ್ತು. 1982ರಲ್ಲಿ ಸುಜುಕಿ ತನ್ನ 125 ಸಿ.ಸಿ. ಕ್ವಾಡ್‌ರನ್ನರ್ ಹೊರತಂದಿತು. ಮೂರು ವರ್ಷ ಕಳೆದು ಅದೇ ಕಂಪೆನಿ ಓಟಕ್ಕೆಂದೇ ಕ್ವಾಡ್‌ರೇಸರ್ 250 ಎಂಬ ಹಗುರ ಯಂತ್ರ ಮಾಡಿತು. 'ಸ್ಪೋರ್ಟ್ ಕ್ವಾಡ್' ಎಂದು ಇಂದು ಕರೆಯುವ ಜಾತಿ ಬೆಳೆದದ್ದು ಹೀಗೆ. ಹೋಂಡಾ, ಯಮಹಾ, ಕವಾಸಾಕಿಗಳೂ ಹಿಂಬಾಲಿಸಿದವು. ಯಮಹಾದ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಬನ್ಶೀ ಎಂಬುದರ ಸದ್ದನ್ನು ಹಳಬರು ಈಗಲೂ ನೆನೆಯುತ್ತಾರೆ. ನಮ್ಮ ಕಡೆಯ ಹಳೆಯ ಆರ್‌ಎಕ್ಸ್ 100 ಪ್ರೇಮಿಗಳಂತೆ!

ಮಗುಚುವುದು ಯಾಕೆ?

ಕಾರು ತಿರುವಿನಲ್ಲಿ ಹೋಗುವಾಗ ಹೊರಬದಿಯ ಚಕ್ರ ಹೆಚ್ಚು ದೂರ ಓಡುತ್ತದೆ, ಒಳಬದಿಯದ್ದು ಕಡಿಮೆ. ಈ ವ್ಯತ್ಯಾಸವನ್ನು ಹೊಂದಿಸಲು ಕಾರಿನಲ್ಲಿ ಡಿಫರೆನ್ಶಿಯಲ್ ಎಂಬ ಹಲ್ಲುಚಕ್ರಗಳ ಗೂಡು ಇರುತ್ತದೆ. ಸ್ಪೋರ್ಟ್ ಕ್ವಾಡಿನಲ್ಲಿ ಅದು ಇಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಸರಳಿಗೆ ಸಿಕ್ಕಿಕೊಂಡಿರುತ್ತವೆ. ಮಧ್ಯದಲ್ಲಿ ಬೈಕಿನಂತೆ ಒಂದು ಚೈನು ಆ ಸರಳನ್ನು ತಿರುಗಿಸುತ್ತದೆ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕು. ಹಾಗಾದರೆ ತಿರುವಿನಲ್ಲಿ ಏನಾಗುತ್ತದೆ? ಒಂದು ಚಕ್ರ ನೆಲದ ಮೇಲೆ ಜಾರಬೇಕು. ಮಣ್ಣಿನಲ್ಲಿ, ಮರಳಿನಲ್ಲಿ ಅದು ಸಲೀಸಾಗಿ ಜಾರುತ್ತದೆ. ಓಟಗಾರ ಅದನ್ನೇ ಬಳಸಿಕೊಂಡು ಹಿಂಬದಿಯನ್ನು ಅರ್ಧವೃತ್ತದಂತೆ ಎಳೆದುಕೊಂಡು ಹೋಗುತ್ತಾನೆ. ನೋಡಲು ಬಲು ಚೆಂದ. ಆದರೆ ಡಾಮರು ರಸ್ತೆಯಲ್ಲಿ ಟಯರು ಜಾರದೆ ಕಚ್ಚಿ ಹಿಡಿಯುತ್ತದೆ. ಆಗ ಗಾಡಿ ಒಂದೋ ತಿರುಗದೆ ನೇರ ಹೋಗುತ್ತದೆ, ಇಲ್ಲವೇ ಒಳಬದಿಯ ಚಕ್ರ ಎದ್ದು ಗಾಡಿ ಮಗುಚುತ್ತದೆ. ಡಾಮರು, ಕಾಂಕ್ರೀಟಿನ ಮೇಲೆ ಓಡಿಸಬೇಡಿ ಎಂದು ತಯಾರಕರೇ ಗಾಡಿಯ ಮೇಲೆ ಚೀಟಿ ಅಂಟಿಸುವುದು ಇದಕ್ಕೇ. 'ಪೇಟೆವರೆಗೆ ಹೋಗಿ ಹಾಲು ತರಲಿಕ್ಕೆ' ಇದು ಆಗುವುದಿಲ್ಲ.

ಬೈಕಿನಲ್ಲಾದರೆ ತಿರುವಿಗೆ ಬೈಕೇ ವಾಲುತ್ತದೆ. ಕ್ವಾಡ್ ವಾಲುವುದಿಲ್ಲ, ಸವಾರನೇ ಸೀಟಿನಿಂದ ಎದ್ದು ಮೈಯನ್ನು ತಿರುವಿನ ಒಳಕ್ಕೆ ಚಾಚಬೇಕು. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ, ಅಡ್ಡ ಇಳುಕಲಿನಲ್ಲಿ ಮೇಲಿನ ಬದಿಗೆ. ಗಾಡಿಯ ಸಮತೋಲ ಅರ್ಧಕ್ಕರ್ಧ ಸವಾರನ ಮೈಭಾರದಲ್ಲಿದೆ. ಹಿಂದೆ ಇನ್ನೊಬ್ಬ ಕುಳಿತರೆ ಆ ಲೆಕ್ಕವೇ ತಪ್ಪಿತು. ಅದಕ್ಕೇ ಸ್ಪೋರ್ಟ್ ಕ್ವಾಡಿನಲ್ಲಿ ಒಬ್ಬನೇ ಸವಾರ. ಉದ್ದ ಸೀಟಿರುವುದು ತಂಗಿಯನ್ನು ಕೂರಿಸಲಿಕ್ಕಲ್ಲ, ಹಿಂದೆ ಮುಂದೆ ಸರಿಯಲಿಕ್ಕೆ.

ಇನ್ನೊಂದು ಸಂಗತಿ ಬೈಕು ಕಲಿತವರಿಗೇ ಹೆಚ್ಚು ಅಪಾಯಕಾರಿ. ಬೈಕು ವಾಲಿದರೆ ಕಾಲು ಕೊಡುವುದು ಅಭ್ಯಾಸ. ಕ್ವಾಡಿನಲ್ಲಿ ಕಾಲು ಕೆಳಗಿಟ್ಟರೆ ಹಿಂದಿನ ಚಕ್ರ ಆ ಕಾಲಿನ ಮೇಲೆಯೇ ಹತ್ತುತ್ತದೆ. ಇದನ್ನು ತಡೆಯಲು ಪೆಡಲಿನಿಂದ ಹಿಂಚಕ್ರದವರೆಗೆ ಕಬ್ಬಿಣದ ಕೊಳವೆ ಮತ್ತು ಬಲೆ ಹಾಕಿಸುತ್ತಾರೆ, ನರ್ಫ್ ಬಾರ್ ಎನ್ನುತ್ತಾರೆ. ಕೊಳ್ಳುವ ಗಾಡಿಯಲ್ಲಿ ಇದಿಲ್ಲದಿದ್ದರೆ ಮೊದಲ ಖರ್ಚು ಇದಕ್ಕೇ ಆಗಬೇಕು. ಸ್ಟಿಕ್ಕರಿಗೆ, ಬಣ್ಣದ ಲೈಟಿಗೆ ಅಲ್ಲ.

ಓಟಕ್ಕೋ, ಗುಡ್ಡೆಗೋ?

ಕಂಬಳದ ನಾಡಿನವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಮೂಡುಬಿದಿರೆಯ ಕೋಟಿ ಚೆನ್ನಯ ಕಂಬಳದಲ್ಲೋ ವೇಣೂರಿನಲ್ಲೋ ಕರೆಗೆ ಇಳಿಸುವ ಕೋಣಗಳನ್ನು ಯಾರಾದರೂ ಉಳುಮೆಗೆ ಕಟ್ಟುತ್ತಾರೆಯೆ? ಕರೆಗಿಳಿಯುವವುಗಳಲ್ಲೂ ನೇಗಿಲಿನದ್ದು ಬೇರೆ, ಹಗ್ಗದ್ದು ಬೇರೆ, ಕನೆಹಲಗೆಯದ್ದು ಬೇರೆ. ಕೋಣ ನೋಡಲು ಹೋದ ಯಜಮಾನ ಮೊದಲು ಯಾವ ವಿಭಾಗಕ್ಕೆ ಎಂದು ನಿಶ್ಚಯಿಸಿ ಆಮೇಲೆ ಕಾಲು, ಗೊರಸು, ಹಲ್ಲು ನೋಡುತ್ತಾನೆ. ಕ್ವಾಡ್ ನೋಡುವವನೂ ಹಾಗೆಯೇ ಮಾಡಬೇಕು.

ಓಟದ ಕ್ವಾಡು ಅಗಲ ಮತ್ತು ತಗ್ಗು. ಯಮಹಾದ ವೈಎಫ್‌ಜೆಡ್ 450ಆರ್ ತೆಗೆದುಕೊಳ್ಳಿ. 2009ರಿಂದ ಬರುತ್ತಿರುವ ಇದು ಮೋಟೋಕ್ರಾಸ್ ಓಟದವರ ಮೆಚ್ಚಿನ ಯಂತ್ರ. ಅಗಲ ಸುಮಾರು 124 ಸೆಂಟಿಮೀಟರು, ತೂಕ ಪೆಟ್ರೋಲು ಸೇರಿ 184 ಕೆ.ಜಿ. ಆಸುಪಾಸು, ಬುಲೆಟ್ ಬೈಕಿಗಿಂತ ತುಸು ಕಡಿಮೆ ಅಷ್ಟೆ. 449 ಸಿ.ಸಿ.ಯ ಒಂದೇ ಸಿಲಿಂಡರು, ಐದು ಗೇರು, ರಿವರ್ಸ್ ಇಲ್ಲ. ಓಟದಲ್ಲಿ ಹಿಂದೆ ಹೋಗುವವರು ಯಾರು? ಇದರ ಶಕ್ತಿಯೆಲ್ಲ ಇಂಜಿನು ಜೋರಾಗಿ ತಿರುಗಿದಾಗ ಮೇಲ್ಮಟ್ಟದಲ್ಲಿ ಬರುತ್ತದೆ. ನೆಗೆತದಿಂದ ನೆಗೆತಕ್ಕೆ ಹಾರುವ ಟ್ರ್ಯಾಕಿನಲ್ಲಿ ಅದು ಒಳ್ಳೆಯದು. ಕಲ್ಲು ಬೇರುಗಳ ನಡುವೆ ನಿಧಾನ ಹೋಗುವಾಗ ಮಾತ್ರ ಅದೇ ಗುಣ ತಲೆನೋವು. ಇಂಜಿನು ನಿಲ್ಲುತ್ತದೆ, ಇಲ್ಲವೇ ಗಕ್ಕನೆ ನೆಗೆಯುತ್ತದೆ.

ಕಾಲುದಾರಿಗೆ, ಗುಡ್ಡೆಯ ಏರಿಳಿತಕ್ಕೆ ಬೇಕಾದದ್ದು ಕಿರಿದಾದ, ಕೆಳಮಟ್ಟದಲ್ಲೇ ಎಳೆಯುವ, ರಿವರ್ಸ್ ಗೇರಿರುವ ಗಾಡಿ. ಯಮಹಾ ರಾಪ್ಟರ್ 700 ಈ ಗುಂಪಿನ ದೊಡ್ಡಣ್ಣ. ಅಗಲ 117 ಸೆಂಟಿಮೀಟರು, ತೂಕ 190 ಕೆ.ಜಿ. ದಾಟುತ್ತದೆ, ರಿವರ್ಸ್ ಇದೆ. ಏಳು ಸೆಂಟಿಮೀಟರು ಅಗಲದ ವ್ಯತ್ಯಾಸ ಎಷ್ಟರದ್ದು ಎನ್ನಬೇಡಿ. ಎರಡು ಮುರಕಲ್ಲುಗಳ ನಡುವೆ ನುಸುಳುವಾಗ ಗೊತ್ತಾಗುತ್ತದೆ. ಹೋಂಡಾದ ಟಿಆರ್‌ಎಕ್ಸ್ 250ಎಕ್ಸ್ ಇದಕ್ಕೆ ತಮ್ಮನಿದ್ದ ಹಾಗೆ. 229 ಸಿ.ಸಿ.ಯ ಗಾಳಿಯಿಂದಲೇ ತಂಪಾಗುವ ಇಂಜಿನು, ಕ್ಲಚ್ ಹಿಡಿಯದೆಯೂ ಗೇರು ಬದಲಿಸಬಹುದು, ರಿವರ್ಸೂ ಇದೆ. ಓಟದ ಹುಚ್ಚಿನವರು ಇದನ್ನು ನೋಡಿ ನಗುತ್ತಾರೆ. ನನ್ನ ಎಣಿಕೆಯಲ್ಲಿ ಕಲಿಯುವವನಿಗೆ ಈ ಬಗೆಯದ್ದೇ ಸರಿ. ಸುಜುಕಿ ಕಂಪೆನಿ ತನ್ನ ಕ್ವಾಡ್‌ಸ್ಪೋರ್ಟ್ ಜೆಡ್ 400 ಎಂಬುದನ್ನು ಭಾರತದಲ್ಲಿ ಕೆಲವು ಕಾಲ ಮಾರಿತ್ತು. ಓಟ ಮತ್ತು ಗುಡ್ಡೆ ಎರಡಕ್ಕೂ ನಡುವಣ ದಾರಿ ಹಿಡಿದ ಗಾಡಿ ಅದು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಬಹುದು.

ಇವೆರಡೂ ಅಲ್ಲದ ಮೂರನೆಯ ಜಾತಿಯಿದೆ. ಮುಂದೆ ಹಿಂದೆ ಸಾಮಾನು ಹೇರುವ ಕಂಬಿ, ನಾಲ್ಕು ಚಕ್ರಕ್ಕೂ ಎಳೆತ, ಸ್ಕೂಟರಿನಂತೆ ಗೇರಿಲ್ಲದ ಓಟ, 300 ಕೆ.ಜಿ. ಮೀರುವ ತೂಕ. ಇದು ಕೃಷಿಕರ, ಎಸ್ಟೇಟಿನವರ ಗಾಡಿ. 2011ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಪೊಲಾರಿಸ್ ಕಂಪೆನಿ ಹೆಚ್ಚಾಗಿ ಪರಿಚಯಿಸಿದ್ದು ಈ ಬಗೆಯದನ್ನು. 2020ರ ಸುಮಾರಿಗೆ ಅದು ತನ್ನ ಸ್ಪೋರ್ಟ್ಸ್‌ಮನ್ 570 ಅನ್ನು ಟ್ರ್ಯಾಕ್ಟರ್ ಎಂದು ನೋಂದಾಯಿಸಬಹುದಾದ ರೂಪದಲ್ಲೂ ತಂದಿತು. ಮಗ ಓಟದ ಗಾಡಿ ಕೇಳಿದಾಗ ಅಪ್ಪ 'ಗೊಬ್ಬರ ಹೊರಲಿಕ್ಕೂ ಆಗ್ತದಲ್ಲ' ಎಂದು ಇದನ್ನು ತಂದರೆ ಇಬ್ಬರಿಗೂ ಸಮಾಧಾನವಾಗದು. ಅಷ್ಟು ಭಾರದ ಗಾಡಿ ಹುಡುಗನ ಮೇಲೆ ಮಗುಚಿದರೆ ಎತ್ತಲು ನಾಲ್ಕು ಜನ ಬೇಕು.

ನಮ್ಮ ನೆಲದ ಲೆಕ್ಕ

ವಿದೇಶಿ ಪತ್ರಿಕೆಗಳಲ್ಲಿ ಕ್ವಾಡ್ ಹಾರುವ ಚಿತ್ರಗಳೆಲ್ಲ ಮರಳುಗಾಡಿನದ್ದು, ಇಲ್ಲವೇ ಮೆತ್ತನೆಯ ಮಣ್ಣಿನದ್ದು. ನಮ್ಮದು ಮುರಕಲ್ಲಿನ ನಾಡು. ಬೇಸಗೆಯಲ್ಲಿ ಪದವಿನ ಮೇಲೆ ಒರಟು ಕಲ್ಲು, ಅದರ ಮೇಲೆ ಉರುಳುವ ಕೆಂಪು ಹರಳು. ಮಳೆಗಾಲದಲ್ಲಿ ಅದೇ ಕಲ್ಲಿಗೆ ಪಾಚಿ ಹಿಡಿದು ಎಣ್ಣೆ ಸವರಿದಂತಾಗುತ್ತದೆ. ವರ್ಷಕ್ಕೆ ಹತ್ತಿರಹತ್ತಿರ ನಾಲ್ಕು ಮೀಟರು ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪೋರ್ಟ್ ಕ್ವಾಡು ಕೊಟ್ಟಿಗೆಯಲ್ಲಿರುವುದೇ ಲೇಸು. ಕ್ವಾಡಿನ ಟಯರಿಗೆ ಗಾಳಿ ತೀರಾ ಕಡಿಮೆ. ಬೈಕಿಗೆ 25ರಿಂದ 35 ಪೌಂಡು ಹಾಕಿದರೆ ಇದಕ್ಕೆ ನಾಲ್ಕೋ ಐದೋ ಸಾಕು. ಬೈಕಿಗೆ ಹಾಕುವಂತೆ ಇದಕ್ಕೂ ಹಾಕಿಸಿದರೆ ಟಯರು ಚೆಂಡಿನಂತಾಗಿ ಗಾಡಿ ಪುಟಿಯುತ್ತದೆ. ಕಡಿಮೆ ಒತ್ತಡ ತೋರಿಸುವ ಬೇರೆಯೇ ಮಾಪಕವೊಂದನ್ನು ಗಾಡಿಯ ಜೊತೆಗೇ ಇಟ್ಟುಕೊಳ್ಳಬೇಕು.

ಅಡಿಕೆ ತೋಟದೊಳಗೆ ಓಡಿಸಬಹುದಲ್ಲ ಎನ್ನುವವರಿದ್ದಾರೆ. ಅಡಿಕೆ ಗಿಡಗಳ ನಡುವೆ ಒಂಬತ್ತು ಅಡಿ, ಎಂದರೆ 2.7 ಮೀಟರು ಅಂತರವಿರಬೇಕೆಂಬುದು ಶಿಫಾರಸು. 1956ರಿಂದ ಅಡಿಕೆ ಸಂಶೋಧನೆ ನಡೆಯುತ್ತಿರುವ ವಿಟ್ಲ ಬಂಟ್ವಾಳ ತಾಲೂಕಿನಲ್ಲೇ ಇದೆಯಾದ್ದರಿಂದ ಈ ಲೆಕ್ಕ ನಮ್ಮವರಿಗೆ ಬಾಯಿಪಾಠ. ಕಾಗದದ ಮೇಲೆ ಒಂದೂಕಾಲು ಮೀಟರು ಅಗಲದ ಗಾಡಿ ಹೋಗುತ್ತದೆ. ತೋಟದಲ್ಲಿ ಹೋಗುವುದಿಲ್ಲ. ನಡುವೆ ನೀರು ಬಸಿಯುವ ಕಣಿಯಿದೆ, ತುಂತುರು ನೀರಾವರಿಯ ಪೈಪಿದೆ, ಮೇಲೆಯೇ ಹರಡಿದ ಅಡಿಕೆಯ ಬೇರಿದೆ. ಒಂದು ಭಾನುವಾರದ ಸವಾರಿಗೆ ಹತ್ತು ವರ್ಷದ ಗಿಡ ಹಾಳು ಮಾಡಿಕೊಳ್ಳುವುದೆ? ರಬ್ಬರು ತೋಟದಲ್ಲೂ ಅಷ್ಟೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಇಳಿಜಾರು ಕ್ವಾಡ್ ಮಗುಚಲಿಕ್ಕೆಂದೇ ಮಾಡಿಟ್ಟಂತಿರುತ್ತದೆ.

ಬೆಳ್ತಂಗಡಿ ಕಡೆಯ ಹುಡುಗರ ಕಣ್ಣು ಸಹಜವಾಗಿ ಘಟ್ಟದ ಕಡೆಗೆ ಹೋಗುತ್ತದೆ. ಗಡಾಯಿಕಲ್ಲು ಅಲ್ಲೇ ಎದುರಿಗೆ ಕಾಣುವಾಗ ಯಾರಿಗೆ ಆಸೆಯಾಗದು? ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಈ ತಾಲೂಕಿನೊಳಕ್ಕೂ ಚಾಚಿದೆ. ಅನುಮತಿಯಿಲ್ಲದೆ ಕಾಡಿನೊಳಗೆ ವಾಹನ ಒಯ್ದರೆ 1972ರ ವನ್ಯಜೀವಿ ಕಾಯ್ದೆ, ರಾಜ್ಯದ ಅರಣ್ಯ ಕಾಯ್ದೆ ಎರಡೂ ಎದುರಾಗುತ್ತವೆ. ಚಾರ್ಮಾಡಿ ಘಾಟಿಯೆಂದರೆ ರಾಷ್ಟ್ರೀಯ ಹೆದ್ದಾರಿ. ಅಲ್ಲಿಗೆ ಈ ಗಾಡಿ ಸಲ್ಲದು. ಕೊನೆಗೆ ಉಳಿಯುವುದು ಸ್ವಂತ ಜಾಗ, ಅದೂ ಕಲ್ಲು ಹೆಕ್ಕಿ ಮಟ್ಟ ಮಾಡಿದ ಜಾಗ. ಒಂದು ಎಕರೆ ಖಾಲಿ ಪದವು ಇದ್ದರೆ ಕಲಿಯಲು ಸಾಕಷ್ಟಾಯಿತು. ಹಳೆಯ ಕೆಂಪುಕಲ್ಲಿನ ಕೋರೆಯ ಅಂಚಿನ ಹತ್ತಿರ ಮಾತ್ರ ಬೇಡವೇ ಬೇಡ.

ಪೊಲೀಸರು ಹಿಡಿದರೆ

ಹೆಚ್ಚಿನ ಮನೆಗಳಲ್ಲಿ ಈ ವಿಷಯ ಗಾಡಿ ಬಂದ ಮೇಲೆಯೇ ಚರ್ಚೆಗೆ ಬರುವುದು! ಭಾರತದಲ್ಲಿ ಸಾರ್ವಜನಿಕ ರಸ್ತೆಗೆ ಇಳಿಯುವ ಯಾವುದೇ ಮೋಟಾರು ವಾಹನಕ್ಕೆ ನೋಂದಣಿ ಬೇಕು. ನೋಂದಣಿಯಾಗಬೇಕಾದರೆ ಆ ಮಾದರಿಗೆ ಸರಕಾರದ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಸಿಕ್ಕಿರಬೇಕು. ಸ್ಪೋರ್ಟ್ ಕ್ವಾಡುಗಳನ್ನು ಮಾರುವುದು 'ರಸ್ತೆಗಲ್ಲ' ಎಂಬ ಷರತ್ತಿನ ಮೇಲೆ. ಆದ್ದರಿಂದ ಆರ್.ಸಿ. ಪುಸ್ತಕ ಇಲ್ಲ, ನಂಬರು ಪ್ಲೇಟು ಇಲ್ಲ. ನಾವು ಬೈಕಿಗೆ ಮಾಡಿಸುವಂಥ ವಿಮೆಯೂ ಅದಕ್ಕೆ ಒದಗದು. ಹಾಗಿರುವಾಗ ನಿಮ್ಮ ಗೇಟಿನಿಂದ ಎದುರಿನ ಗುಡ್ಡೆಗೆ ಹೋಗಲು ಪಂಚಾಯತ್ ರಸ್ತೆ ದಾಟುವಾಗ ಏನಾದರೂ ಆದರೆ ಖರ್ಚು, ಕೇಸು ಎಲ್ಲ ಮನೆಯವರ ತಲೆಗೆ. ಗೇಟಿನಿಂದ ಗುಡ್ಡೆಗೆ ಪಿಕಪ್‌ನಲ್ಲಿ ಹೇರಿಕೊಂಡು ಹೋಗುವುದೇ ಸರಿಯಾದ ಕ್ರಮ.

2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯಲ್ಲಿ 199ಎ ಎಂಬ ಸೆಕ್ಷನ್ನು ಸೇರಿದೆ. ಅಪ್ರಾಪ್ತ ವಯಸ್ಸಿನ ಮಕ್ಕಳು ವಾಹನ ಓಡಿಸಿ ಅಪರಾಧವಾದರೆ ಹೆತ್ತವರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬಸ್ಸಿಗೆ ಕಾಯಬೇಕಾಗುತ್ತದೆ ಎಂದು ಮಗನಿಗೆ ಹೇಳಿನೋಡಿ. ದಂಡದ ಮೊತ್ತಕ್ಕಿಂತ ಈ ಮಾತು ಹೆಚ್ಚು ನಾಟುತ್ತದೆ.

ವಯಸ್ಸು ಮತ್ತು ಸಿ.ಸಿ.

ಹದಿನಾರು ತುಂಬದವರು ಕ್ವಾಡ್ ಓಡಿಸಲೇಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ನಿಲುವು. ತಯಾರಕರು ಅಷ್ಟು ಕಟ್ಟುನಿಟ್ಟಲ್ಲ. ಆರು ವರ್ಷ ಮೇಲ್ಪಟ್ಟವರಿಗೆ, ಹತ್ತು ಮೇಲ್ಪಟ್ಟವರಿಗೆ, ಹದಿನಾಲ್ಕು ಮೇಲ್ಪಟ್ಟವರಿಗೆ ಎಂದು ಬೇರೆ ಬೇರೆ ಗಾತ್ರ ಮಾಡುತ್ತಾರೆ. ತೀರಾ ಚಿಕ್ಕವರ ಗಾಡಿಯ ವೇಗ ಗಂಟೆಗೆ 24 ಕಿ.ಮೀ. ಮೀರದಂತೆ ನಿರ್ಬಂಧವಿರುತ್ತದೆ. ಹದಿನಾರಕ್ಕಿಂತ ಕೆಳಗಿನವರಿಗೆ ದೊಡ್ಡವರ ಗಾಡಿ ಕೊಡಬಾರದು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. 'ಬೆಳೆಯುವ ಹುಡುಗ, ಎರಡು ವರ್ಷ ಕಳೆದರೆ ಸರಿಹೋಗ್ತದೆ' ಎಂದು ಶಾಲೆಯ ಯೂನಿಫಾರಂ ಹೊಲಿಸಿದ ಹಾಗೆ ದೊಡ್ಡ ಅಳತೆಯದ್ದು ತರುವುದು ಇಲ್ಲಿ ನಡೆಯದು. ಪೆಡಲಿನ ಮೇಲೆ ಎದ್ದು ನಿಂತಾಗ ಸೀಟಿಗೂ ಸವಾರನಿಗೂ ನಡುವೆ ಒಂದು ಗೇಣು ಜಾಗ ಬೇಕು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗಲೂ ಎರಡೂ ಕೈಗೆ ಅದು ಎಟಕಬೇಕು, ಹೆಬ್ಬೆರಳು ಆಕ್ಸಿಲರೇಟರ್ ಒತ್ತುವಂತಿರಬೇಕು, ಬೆರಳುಗಳು ಬ್ರೇಕಿಗೆ ಸಿಗಬೇಕು. ಇದು ಆಗದಿದ್ದರೆ ಆ ಗಾಡಿ ಆ ಹುಡುಗನಿಗೆ ಅಲ್ಲ. ಹುಡುಗಿಯರಿಗೂ ಇದೇ ಅಳತೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮರುಭೂಮಿ ಬೈಕ್ ಓಟದ ಬಾಹಾ ವಿಶ್ವಕಪ್ಪನ್ನು ಮಹಿಳಾ ವಿಭಾಗದಲ್ಲಿ ಗೆದ್ದ ಮೇಲೆ ಇದು ಗಂಡುಮಕ್ಕಳ ಆಟ ಎಂಬ ಮಾತಿಗೆ ಬೆಲೆಯಿಲ್ಲ.

ಹೆಬ್ಬೆರಳಿನ ಆಕ್ಸಿಲರೇಟರಿಗೆ ತಿರುಪೊಂದು ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಎಷ್ಟು ಒತ್ತಿದರೂ ವೇಗ ಒಂದು ಮಿತಿ ದಾಟುವುದಿಲ್ಲ. ಕಲಿಯುವ ತಿಂಗಳುಗಳಲ್ಲಿ ಆ ತಿರುಪಿನ ಸ್ಪಾನರು ಅಪ್ಪನ ಕಿಸೆಯಲ್ಲಿರಲಿ. ಸವಾರ ಬಿದ್ದೊಡನೆ ಇಂಜಿನು ನಿಲ್ಲಿಸುವ ಹಗ್ಗದ ಸ್ವಿಚ್ಚು ಓಟಗಳಲ್ಲಿ ಕಡ್ಡಾಯ, ಮನೆಯಲ್ಲೂ ಕಡ್ಡಾಯ ಮಾಡಿಕೊಳ್ಳಿ. ಇನ್ನು ಹೆಲ್ಮೆಟ್. ಗಲ್ಲ ಮುಚ್ಚುವಂಥದ್ದು, ಐಎಸ್ಐ ಗುರುತಿನದ್ದು. ಕಣ್ಣಿಗೆ ಗಾಗಲ್ಸ್, ಎದೆ ಬೆನ್ನಿಗೆ ಕವಚ, ಮೊಣಕಾಲಿಗೆ ಪಟ್ಟಿ, ಹರಡು ದಾಟುವ ಬೂಟು. ಹವಾಯಿ ಚಪ್ಪಲಿಯಲ್ಲಿ ಕ್ವಾಡ್ ಓಡಿಸುವ ದೃಶ್ಯ ರೆಸಾರ್ಟುಗಳಲ್ಲಿ ಸಾಮಾನ್ಯ. ಅದನ್ನು ನೋಡಿ ಕಲಿಯಬಾರದು. ಗಾಡಿಗೆಂದು ಇಟ್ಟ ದುಡ್ಡಿನಲ್ಲಿ ಇವಕ್ಕೆ ಪಾಲು ತೆಗೆದ ಮೇಲೆ ಉಳಿದದ್ದೇ ಗಾಡಿಯ ಬಜೆಟ್ಟು.

ಸ್ಪರ್ಧೆ ಎಲ್ಲಿದೆ?

ಓಟದ ಕ್ವಾಡ್ ಕೊಳ್ಳುವ ಹುಡುಗನನ್ನು ಕೇಳಬೇಕಾದ ಪ್ರಶ್ನೆ ಇದು. ನಮ್ಮ ದೇಶದಲ್ಲಿ ಮೋಟೋಕ್ರಾಸ್, ಸೂಪರ್‌ಕ್ರಾಸ್, ರ‍್ಯಾಲಿ ಎಂದರೆ ಬಹುಪಾಲು ಎರಡು ಚಕ್ರದ ಬೈಕು, ಇಲ್ಲವೇ ಕಾರು. ಜಗತ್ತಿನಲ್ಲೇ ಹೆಸರಾದ ಡಾಕರ್ ರ‍್ಯಾಲಿಯಲ್ಲಿ 2009ರಿಂದ ಕ್ವಾಡುಗಳಿಗೆ ಪ್ರತ್ಯೇಕ ವಿಭಾಗವಿತ್ತು. ಅರ್ಜೆಂಟೀನಾದ ಪಾಟ್ರೊನೆಲ್ಲಿ ಸೋದರರು ಯಮಹಾ ರಾಪ್ಟರ್ ಏರಿ 2010ರಿಂದ 2013ರವರೆಗೆ ನಾಲ್ಕು ವರ್ಷವೂ ಪ್ರಶಸ್ತಿಯನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಎರಡು ಅಣ್ಣನಿಗೆ, ಎರಡು ತಮ್ಮನಿಗೆ! ಸ್ಪರ್ಧಿಗಳು ಕಡಿಮೆಯಾಗುತ್ತಾ ಬಂದು 2025ರಿಂದ ಆ ವಿಭಾಗವನ್ನೇ ಕೈಬಿಡಲಾಯಿತು.

ಓಟವೇ ಗುರಿಯಾಗಿರುವ ಹುಡುಗನ ಕಣ್ಣ ಮುಂದೆ ಹತ್ತಿರದ ಉದಾಹರಣೆಯೇ ಇದೆ. ಉಡುಪಿಯ ಕೆ.ಪಿ. ಅರವಿಂದ್. ಕಿರುತೆರೆಯ ಬಿಗ್‌ಬಾಸ್ ಮನೆಯಲ್ಲಿ ಇವರನ್ನು ನೋಡಿದವರೇ ಹೆಚ್ಚು. ಆದರೆ 2017, 2018ರಲ್ಲಿ ಡಾಕರ್ ಪೂರ್ತಿಗೊಳಿಸಲಾಗದೆ ಮರಳಿ, 2019ರಲ್ಲಿ ಮತ್ತೆ ಹೋಗಿ 37ನೆಯವರಾಗಿ ಗುರಿ ಮುಟ್ಟಿದ ಓಟಗಾರ ಅವರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯರಾದರು. 2021ರಲ್ಲಿ ಅದೇ ಓಟದಲ್ಲಿ ತೀವ್ರವಾಗಿ ಬಿದ್ದು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ್ದರು. ಇವರಿಬ್ಬರೂ ಬೆಳೆದದ್ದು ಎರಡು ಚಕ್ರದ ಮೇಲೆ. ಹದಿನೆಂಟು ತುಂಬಿ ಲೈಸೆನ್ಸ್ ಪಡೆದವನಿಗೆ ಹೀರೋ ಎಕ್ಸ್‌ಪಲ್ಸ್‌ನಂಥ ಬೈಕು ಕಾಲೇಜಿಗೂ ಆಗುತ್ತದೆ, ಗುಡ್ಡೆಗೂ ಆಗುತ್ತದೆ. ನಂಬರು, ವಿಮೆ ಎಲ್ಲ ಸಿಗುತ್ತದೆ, ಬಿ.ಸಿ. ರೋಡಿನ ಮೆಕ್ಯಾನಿಕನಿಗೂ ಅದರ ಹೊಟ್ಟೆಯೊಳಗೆ ಏನಿದೆಯೆಂದು ಗೊತ್ತಿರುತ್ತದೆ. ಸ್ಪರ್ಧೆಗೆ ಇಳಿಯಬೇಕಾದರೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟದ ಮಾನ್ಯತೆಯಿರುವ ಕೂಟವೇ ಎಂದು ವಿಚಾರಿಸಿ, ಅದರ ಲೈಸೆನ್ಸ್ ಪಡೆಯಬೇಕು. ಮಾನ್ಯತೆ ಇಲ್ಲದ ಕೂಟದಲ್ಲಿ ಆಂಬುಲೆನ್ಸ್ ಕೂಡ ಇರುತ್ತದೆಂಬ ಖಾತ್ರಿಯಿಲ್ಲ.

ಯಂತ್ರದ ಮೇಲೆ ಪ್ರೀತಿಯಿರುವವನಿಗೆ ಇನ್ನೊಂದು ದಾರಿ, ನನಗೆ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ದಾರಿ, ಕಾಲೇಜಿನಲ್ಲೇ ಇದೆ. ಮೂಡುಬಿದಿರೆ ಹತ್ತಿರದ ಮಿಜಾರು, ಬಂಟ್ವಾಳ ತಾಲೂಕಿನ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂರೂ ಕಡೆ ಇಂಜಿನಿಯರಿಂಗ್ ಕಾಲೇಜುಗಳಿವೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ, ಬೆಸೆದು, ಓಡಿಸುವ 'ಬಾಹಾ' ಸ್ಪರ್ಧೆ 2007ರಿಂದ ಭಾರತದಲ್ಲಿ ನಡೆಯುತ್ತಿದೆ. ಮಧ್ಯಪ್ರದೇಶದ ಪೀತಂಪುರದ ಕೆಸರು, ಕಲ್ಲುಗಳ ಮೇಲೆ ಗಂಟೆಗಟ್ಟಲೆ ಓಡಿಸಿ ಗಾಡಿಯ ಗಟ್ಟಿತನ ಪರೀಕ್ಷಿಸುತ್ತಾರೆ. ಅದು ಕೊಳವೆಗಳ ಗೂಡಿನೊಳಗೆ ಒಬ್ಬ ಕೂರುವ ಗಾಡಿ. ಕ್ವಾಡ್ ಬೈಕನ್ನೇ ವಿದ್ಯಾರ್ಥಿಗಳು ಕಟ್ಟುವ ಸ್ಪರ್ಧೆಗಳೂ ದೇಶದಲ್ಲಿ ನಡೆದಿವೆ. ತಾನೇ ಬೆಸೆದ ಆಕ್ಸಲ್ ಮುರಿದಾಗ ಹುಡುಗ ಕಲಿಯುವ ಲೋಹಶಾಸ್ತ್ರ ಯಾವ ಗೈಡಿನಲ್ಲೂ ಇಲ್ಲ. ಹೀಗೆ ಯಂತ್ರ ಕಟ್ಟುವ ಬುದ್ಧಿ ನಮ್ಮ ಮಣ್ಣಿಗೆ ಹೊಸದೂ ಅಲ್ಲ. ಬಂಟ್ವಾಳದ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕು ಮಾಡಿ 2019ರಲ್ಲಿ ದೇಶದ ಗಮನ ಸೆಳೆದದ್ದು ಎಲ್ಲರಿಗೂ ನೆನಪಿದೆ.

ಆದರೂ ಬೇಕೇ ಬೇಕೆಂದರೆ

ಇಷ್ಟೆಲ್ಲ ಓದಿದ ಮೇಲೂ ಕ್ವಾಡೇ ಬೇಕೆನ್ನುವ, ಜಾಗವೂ ದುಡ್ಡೂ ಇರುವ ಮನೆಗಳಿಗೆ ಕೆಲವು ಮಾತು. ಹದಿನಾರು ದಾಟಿದ ಹೊಸಬನಿಗೆ 250 ಸಿ.ಸಿ. ಒಳಗಿನದ್ದು. ಎರಡು ವರ್ಷ ಪಳಗಿದ ಮೇಲೆ, ನಿಜವಾಗಿ ಟ್ರ್ಯಾಕು ಸಿಗುವುದಾದರೆ ಮಾತ್ರ 450. ಕಲಿಯುವವರ ಮನೆಗೆ 700ನ್ನು ತರುವುದು ಬೇಡ, ಯಾರು ಎಷ್ಟು ಕಡಿಮೆಗೆ ಕೊಡುತ್ತೇನೆಂದರೂ ಬೇಡ. ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ ಸಿಗುವ ಹೆಸರಿಲ್ಲದ 110 ಸಿ.ಸಿ. ಗಾಡಿಗಳ ಬಗ್ಗೆ ಕೇಳುವವರು ಬಹಳ. ಅದರ ಬ್ರೇಕ್ ಶೂ, ಟೈ ರಾಡ್, ಬೇರಿಂಗು ಎಲ್ಲಿ ಸಿಗುತ್ತವೆ ಎಂದು ಮಾರುವವನನ್ನೇ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಮೊದಲ ಮಳೆಗಾಲದ ಬಳಿಕ ಅದು ಕೋಳಿ ಕೂರುವ ಜಾಗವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಗೊತ್ತಿರುವ ಮೆಕ್ಯಾನಿಕನನ್ನು ಕರೆದುಕೊಂಡೇ ಹೋಗಿ. ಇಂಜಿನು ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಬೇಕು. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾನೆಂದು ತಿಳಿಯಿರಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿದಾಗ ಕಟಕಟ ಎಂದರೆ ಬಾಲ್ ಜಾಯಿಂಟ್ ಸವೆದಿದೆ. ಹಿಂಬದಿ ಎತ್ತಿ ಚಕ್ರ ತಿರುಗಿಸಿ ದೂರದಿಂದ ನೋಡಿ. ಸುತ್ತುವಾಗ ಚಕ್ರ ಓಲಾಡಿದರೆ ಆಕ್ಸಲ್ ಬಾಗಿರಬಹುದು, ಎಂದರೆ ಆ ಗಾಡಿ ಎಲ್ಲೋ ಕೆಟ್ಟದಾಗಿ ಬಿದ್ದಿದೆ. ಮುಂದಿನ ತೋಳುಗಳು ಫ್ರೇಮಿಗೆ ಸೇರುವ ಜಾಗದಲ್ಲಿ ಹೊಸ ಬಣ್ಣ ಕಂಡರೆ ಉಗುರಿನಿಂದ ಕೆರೆದು ನೋಡಿ, ಅಡಿಯಲ್ಲಿ ಬಿರುಕಿಗೆ ಹಾಕಿದ ವೆಲ್ಡಿಂಗ್ ಇರಬಹುದು. ಏರ್ ಫಿಲ್ಟರಿನ ಮುಚ್ಚಳ ತೆಗೆದು ಒಳಗಿನ ಕೊಳವೆಗೆ ಬೆರಳಾಡಿಸಿ. ಬೆರಳಿಗೆ ಕೆಂಪು ಧೂಳು ಹತ್ತಿತೆಂದರೆ ಅದು ಇಂಜಿನಿನೊಳಗೂ ಹೋಗಿದೆ, ಪಿಸ್ಟನ್ ಸವೆದಿರುವುದು ಹೆಚ್ಚುಕಡಿಮೆ ಖಚಿತ. ನಮ್ಮ ಕಡೆಯ ಧೂಳಿಗೆ ಸ್ಪಂಜಿನ ಫಿಲ್ಟರನ್ನು ಪ್ರತಿ ಸವಾರಿಯ ಬಳಿಕ ತೊಳೆದು ಎಣ್ಣೆ ಹಾಕಬೇಕು. ಆ ಕೆಲಸವನ್ನು ಮಗನೇ ಮಾಡುವುದೆಂದು ಗಾಡಿ ತರುವ ಮೊದಲೇ ಒಪ್ಪಂದವಾಗಲಿ. ಆರ್.ಸಿ. ಇಲ್ಲದ ವಾಹನವಾದ್ದರಿಂದ ಅಸಲಿ ಬಿಲ್ಲು, ವಿದೇಶದಿಂದ ಬಂದದ್ದಾದರೆ ಕಸ್ಟಮ್ಸ್ ಸುಂಕ ಕಟ್ಟಿದ ಕಾಗದ, ಇವುಗಳಲ್ಲಿನ ಚಾಸಿ ನಂಬರು ಗಾಡಿಯ ಮೇಲಿನದ್ದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿಯೇ ಮುಂಗಡ ಕೊಡಬೇಕು. ಕಾಗದ ಊರಿನಲ್ಲಿದೆ, ಮುಂದಿನ ವಾರ ತಂದು ಕೊಡುತ್ತೇನೆ ಎಂದರೆ ದುಡ್ಡೂ ಮುಂದಿನ ವಾರವೇ.